ಎಂಟನೆಯ ಫಾರಂ

ಜೂನ್ 18

ಅಪ್ಪ,

ಭಾಷೆಗೆ ಹೊಸ ಟೀಚರ್ ಬಂದಿದ್ದಾರೆ. ಮಾತು ಕಡಿಮೆ, ಹೋಂವರ್ಕ್ ಜಾಸ್ತಿ. ಎಂಟನೇ ಕ್ಲಾಸಿನವರು ಎಲ್ಲರೂ ಒಂದೊಂದು ದಪ್ಪ ಕಾದಂಬರಿ ಓದಬೇಕು. ಗೊತ್ತಿಲ್ಲದ ಪದ ಸಿಕ್ಕರೆ ಪಟ್ಟಿ ಮಾಡಬೇಕು. ಅರ್ಥವನ್ನು ನಿಘಂಟಿನಿಂದ ಎತ್ತುವ ಹಾಗಿಲ್ಲ. "ನಿಘಂಟು ಎಲ್ಲೂ ಓಡಿಹೋಗಲ್ಲ, ಮನುಷ್ಯರು ಓಡಿಹೋಗ್ತಾರೆ. ಅವರನ್ನ ಕೇಳಿ" ಅಂತಾರೆ. ಒಬ್ಬ ದೊಡ್ಡವರನ್ನು ಆರಿಸಿಕೊಂಡು ವರ್ಷವಿಡೀ ಅವರನ್ನೇ ಕೇಳಬೇಕು. ಅವರು ತಮ್ಮ ಕಸುಬಿನಿಂದ ಉದಾಹರಣೆ ಕೊಟ್ಟು ಹೇಳಿದ್ದನ್ನು ಹಾಗೇ ಬರೆಯಬೇಕು.

ದೊಡ್ಡಪ್ಪ "ನಾನು ಇದ್ದೀನಲ್ಲ" ಅಂದರು. ಅಷ್ಟರಲ್ಲಿ ನಾನು ನಿನ್ನ ಹೆಸರು ಕೊಟ್ಟುಬಿಟ್ಟಿದ್ದೆ. ಕಸುಬು ಅಂತ ಇದ್ದ ಕಡೆ "ಪುಸ್ತಕ ಹೊಲಿಯುವವರು" ಎಂದು ಬರೆದೆ. ಪಕ್ಕದವಳು ನಕ್ಕಳು. "ಪುಸ್ತಕಕ್ಕೂ ದರ್ಜಿ ಇರ್ತಾರೇನೇ?" "ಇಲ್ದೆ ಇದ್ದಿದ್ರೆ ನಿನ್ನ ಪುಸ್ತಕ ಬತ್ತಲೆ ಓಡಾಡ್ತಿತ್ತು" ಅಂದೆ.

ನಿನ್ನ ಪ್ರೆಸ್ಸಿನಲ್ಲಿ ಹಾಳು ಪ್ರತಿ ಇದ್ದರೆ ಒಂದು ಕಳಿಸು. ಪೆಟ್ಟು ತಿಂದದ್ದಾದರೂ ಪರವಾಗಿಲ್ಲ. ದಪ್ಪ ಇರಲಿ. ನೀತಿ ಕಡಿಮೆ ಇರಲಿ.

ನಿನ್ನ,
ಸೂಜಿ


ಜೂನ್ 27

ತಂಗಿಯ ಮನೆಯವರಿಗೆ,

ಎಲ್ಲರೂ ಕ್ಷೇಮ. ಹುಡುಗಿ ಎರಡು ಇಂಚು ಬೆಳೆದಿದ್ದಾಳೆ. ಮಾತು ನಾಲ್ಕು ಇಂಚು.

ಒಂದು ವಿಷಯವನ್ನು ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ, ಆಗಲಿಲ್ಲ. ಇವರು ಕಲಿಸುವ ಶಾಲೆಯಲ್ಲಿ ನಿಯಮ ಬದಲಾಗಿದೆ. ಬರುವ ವರ್ಷದಿಂದ ಒಂಬತ್ತನೆಯ ತರಗತಿಗೆ ಅಲ್ಲಿ ಕೆಲಸ ಮಾಡುವವರ ಸ್ವಂತ ಮಕ್ಕಳಿಗೆ ಮಾತ್ರ ಜಾಗ. ತಂಗಿಯ ಮಗಳು ಎಂದರೆ ನಡೆಯುವುದಿಲ್ಲವಂತೆ. ನಾವು ಅವಳನ್ನು ಕಾಗದದ ಮೇಲೆ ಮಗಳಾಗಿ ತೆಗೆದುಕೊಂಡರೆ ಎಲ್ಲವೂ ಈಗಿನಂತೆಯೇ ಮುಂದುವರಿಯುತ್ತದೆ. ನಮಗೆ ಮಕ್ಕಳಿಲ್ಲದ ಕೊರಗಿನಿಂದ ಕೇಳುತ್ತಿದ್ದೇನೆ ಎಂದು ನೀವು ಅಂದುಕೊಂಡರೆ ಅದು ಪೂರ್ತಿ ಸುಳ್ಳಲ್ಲ. ತಂಗಿ ತೀರಿಕೊಂಡ ವಾರ ನೀವು ಈ ಮಗುವನ್ನು ನನ್ನ ಕೈಗೆ ಕೊಟ್ಟಾಗ "ಸ್ವಲ್ಪ ದಿನ" ಎಂದಿರಿ. ಮೂರು ವರ್ಷವಾಯಿತು. ನಾನು ಎಣಿಸಲಿಲ್ಲ, ನೀವೂ ಎಣಿಸಲಿಲ್ಲ.

ಕಾಗದ ಸಿದ್ಧವಾದ ಮೇಲೆ ಕಳಿಸುತ್ತೇವೆ. ಮಾರ್ಚ್ ಒಳಗೆ ನಿಮ್ಮ ಸಹಿ ಬೇಕು. ಅವಳಿಗೆ ಏನೂ ಹೇಳಿಲ್ಲ. ಹೇಳಬೇಕಾದವರು ನೀವು.

ಇಂತಿ,
ಅವಳ ದೊಡ್ಡಮ್ಮ


ಜುಲೈ 21

ಸೂಜಿ,

ಪುಸ್ತಕ ಕಳಿಸಿದ್ದೇನೆ. ತಡವಾಯಿತು. ಮುಖಪುಟದ ಬಣ್ಣ ಒಂದು ಮೂಲೆಯಲ್ಲಿ ಜಾರಿದೆ, ಹಾಗಾಗಿ ಹಾಳು ಪ್ರತಿಗಳ ಕಪಾಟಿಗೆ ಬಂತು. ನಿನ್ನ ವಯಸ್ಸಿನವರಿಗೆಂದೇ ಬರೆದದ್ದಂತೆ. ಸತ್ತ ತಾಯಿಯನ್ನು ಹುಡುಕಿಕೊಂಡು ಒಬ್ಬ ಹುಡುಗಿ ಪುರಾಣದ ಏಳು ಕೆಳಲೋಕಗಳಿಗೆ ಇಳಿಯುತ್ತಾಳೆ. ಒಂದೊಂದು ಬಾಗಿಲಲ್ಲೂ ಒಬ್ಬ ಕಾವಲುಗಾರ. ಅವನು ಕೇಳುವ ಸುಂಕ ಒಂದು ಪದ. ಕೊಟ್ಟ ಪದ ಆಮೇಲೆ ಅವಳ ನಾಲಿಗೆಗೂ ಇಲ್ಲ, ನೆನಪಿಗೂ ಇಲ್ಲ.

ಇದನ್ನು ಆರಿಸಬೇಕೋ ಬೇಡವೋ ಎಂದು ಯೋಚಿಸಿದೆ. ಆದರೆ ಕಪಾಟಿನಲ್ಲಿ ಉಳಿದಿದ್ದದ್ದು ಇದು ಮತ್ತು ಕೊಳವೆಬಾವಿಗಳ ಬಗ್ಗೆ ಒಂದು ಪುಸ್ತಕ.

ಕರಡು ತಿದ್ದುವ ಅಕ್ಕ ನಿನಗೆ ನೆನಪಿದ್ದಾಳಲ್ಲ, ಎರಡು ಕನ್ನಡಕದವಳು. ನಿನ್ನ ಪದಗಳಿಗಾಗಿ ಅವಳ ಕಾಲು ಹಿಡಿಯಬೇಕಾಗುತ್ತದೆ. ಈಗಲೇ ಶುರುಮಾಡಿದ್ದಾಳೆ. "ಇಪ್ಪತ್ತು ವರ್ಷದಿಂದ ಪುಸ್ತಕ ಹೊಲೀತಿದ್ದೀಯ, ಒಂದನ್ನಾದ್ರೂ ಓದಿದ್ದೀಯೇನಯ್ಯಾ?" "ಗಡಿಯಾರ ರಿಪೇರಿಯವನು ಯಾವತ್ತಾದ್ರೂ ಟೈಮಿಗೆ ಬರ್ತಾನಾ ಅಕ್ಕ?" ಅಂದೆ.

ಇದನ್ನು ಮಾತ್ರ ಓದಿದೆ.

ಅಪ್ಪ


ಆಗಸ್ಟ್ 9

ಅಪ್ಪ,

ನೂರ ಹನ್ನೆರಡು ಪುಟ ಆಯಿತು. ಮೊದಲ ಬಾಗಿಲಲ್ಲೇ ಅವಳು ಹೆಸರು ಕೊಟ್ಟುಬಿಡುತ್ತಾಳೆ! ಆಮೇಲೆ ಇಲ್ಲಿಯವರೆಗೂ ಹೆಸರೇ ಇಲ್ಲ. ಎರಡನೆಯದರಲ್ಲಿ "ಹಸಿವು", ಮೂರರಲ್ಲಿ "ಮನೆ", ನಾಲ್ಕರಲ್ಲಿ "ನಾಳೆ". ಐದರಲ್ಲಿ ಜಾಣತನ ಮಾಡಿ "ಭಯ" ಕೊಡುತ್ತಾಳೆ, ಅದರಿಂದ ಲಾಭವೇ ಆಗುತ್ತದೆ.

ನಾವು ಕ್ಲಾಸಿನಲ್ಲಿ ಇದನ್ನೇ ಆಡುತ್ತಿದ್ದೇವೆ. ಒಂದು ದಿನಕ್ಕೆ ಒಂದು ಪದ ಬಿಡಬೇಕು. ನಾನು "ಬೇಕು" ಬಿಟ್ಟೆ. ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಮ್ಮ "ಇನ್ನೂ ಸ್ವಲ್ಪ ಹಾಕ್ಲಾ?" ಅಂದರೆ ತಟ್ಟೆ ತೋರಿಸಿ ಸುಮ್ಮನಿದ್ದೆ. "ಏನೇ, ಬಾಯಿ ಬಿದ್ದುಹೋಗಿದ್ಯಾ?" ಅಂದರು. ಆದರೂ ಹಾಕಿದರು.

ಈ ವಾರದ ಹತ್ತು ಬೇರೆ ಹಾಳೆಯಲ್ಲಿವೆ. ಅಭೇದ್ಯ, ಅಂತರ್ಧಾನ, ವಿಸ್ಮೃತಿ, ತಿತಿಕ್ಷೆ (ಇದನ್ನು ಹೇಳುವಾಗ ಸೀನು ಬಂದ ಹಾಗಾಗುತ್ತದೆ), ನಿರ್ಲಿಪ್ತ, ಪರಿತ್ಯಾಗ, ಇನ್ನು ನಾಲ್ಕು.

ಒಂದು ತೊಂದರೆ. ಆರನೆಯ ಬಾಗಿಲಿಗೆ ಬಂದಾಗ ಅಮ್ಮ ಸಿಗುತ್ತಾಳೆ. ಕಾವಲುಗಾರ ಸುಂಕ ಕೇಳುತ್ತಾನೆ. ಪುಟ ತಿರುಗಿಸಿದರೆ ಮತ್ತೆ ತೊಂಬತ್ತೇಳು! ಏಳನೆಯ ಫಾರಂ ಎರಡು ಸಲ ಇದೆ, ಎಂಟನೆಯದು ಇಲ್ಲವೇ ಇಲ್ಲ. ಪಕ್ಕದವಳಿಗೆ ವಿವರಿಸಿ ಹೇಳಿದೆ: ದೊಡ್ಡ ಹಾಳೆ ಮಡಚಿದರೆ ಹದಿನಾರು ಪುಟ, ಅದು ಒಂದು ಫಾರಂ, ಫಾರಂ ಮೇಲೆ ಫಾರಂ ಇಟ್ಟು ಹೊಲಿದರೆ ಪುಸ್ತಕ. "ಹಾಗಾದ್ರೆ ನಿಮ್ಮಪ್ಪ ನಿದ್ದೆ ಮಾಡಿದ್ರು" ಅಂದಳು. ಮಡಚುವವರು ತಪ್ಪು ಮಾಡಿರುತ್ತಾರೆ, ಅಪ್ಪ ಅಲ್ಲ ಅಂದೆ. ಎಂಟನೆಯದು ಕಳಿಸು. ಲೈಬ್ರರಿಗೆ ಈ ಪುಸ್ತಕ ಇನ್ನೂ ಬಂದಿಲ್ಲ.

ಸೂಜಿ


ಆಗಸ್ಟ್ 24

ಸೂಜಿ,

ಅಕ್ಕ ಅರ್ಥ ಹೇಳಿದಳು. ಉದಾಹರಣೆ ನನ್ನವು. ಟೀಚರ್ ಒಪ್ಪದಿದ್ದರೆ ನನ್ನ ಮೇಲೆ ಹಾಕು.

ಅಭೇದ್ಯ: ನೀರಲ್ಲಿ ನೆಂದು ಒಣಗಿದ ಪುಸ್ತಕ. ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾಗಿರುತ್ತದೆ. ಚಾಕು ಇಳಿಯುವುದಿಲ್ಲ.

ಅಂತರ್ಧಾನ: ಈಗತಾನೇ ಮೇಜಿನ ಮೇಲೆ ಇಟ್ಟ ಕತ್ತರಿ.

ವಿಸ್ಮೃತಿ: ನಮ್ಮಲ್ಲಿ ಕಿಟಕಿಯ ಪಕ್ಕ ಒಂದು ಕಪಾಟಿದೆ. ಬೈಂಡ್ ಮಾಡಿಸಲು ಕೊಟ್ಟು ಒಯ್ಯಲು ಬಾರದವರ ಪುಸ್ತಕಗಳು. ಹೊಲಿಗೆ ಗಟ್ಟಿಯಾಗಿಯೇ ಇದೆ.

ತಿತಿಕ್ಷೆ: ಅಂಟು ಒಣಗುವವರೆಗೆ ಭಾರದ ಕೆಳಗೆ ಇರುವುದು. ಅವಸರಪಟ್ಟು ತೆಗೆದರೆ ರಟ್ಟು ಆಯುಷ್ಯಪೂರ್ತಿ ಸೊಟ್ಟ.

ನಿರ್ಲಿಪ್ತ: ಒದ್ದೆ ರಟ್ಟಿನ ನಡುವೆ ಇಡುವ ಮೇಣದ ಕಾಗದ. ಅಂಟಿನ ನಡುವೆಯೇ ಇದ್ದು ಅಂಟಿಕೊಳ್ಳದೆ ಹೊರಗೆ ಬರುತ್ತದೆ. ನಾನು ಬಹಳ ದಿನ ಇದು ಒಳ್ಳೆಯ ಗುಣ ಎಂದುಕೊಂಡಿದ್ದೆ.

ಉಳಿದ ನಾಲ್ಕು ಹಿಂಬದಿಯಲ್ಲಿವೆ. ಒಟ್ಟು ಒಂಬತ್ತು. ಒಂದಕ್ಕೆ ಉದಾಹರಣೆ ಸಿಗಲಿಲ್ಲ.

ನಿನ್ನ ಆಟ ನಾನೂ ಆಡಿದೆ. ಒಂದು ದಿನ "ಇಲ್ಲ" ಬಿಟ್ಟೆ. ಸಂಜೆಯೊಳಗೆ ಮೂರು ಹೊಸ ಕೆಲಸ ಒಪ್ಪಿಕೊಂಡಿದ್ದೆ. ಯಜಮಾನರಿಗೆ ಆಟ ಬಹಳ ಹಿಡಿಸಿತು.

ಎಂಟನೆಯ ಫಾರಂ ಹುಡುಕುತ್ತೇನೆ. ಸಿಗುವವರೆಗೆ ನೂರ ಇಪ್ಪತ್ತೊಂಬತ್ತರಿಂದ ಓದು. ಕಥೆಗೆ ಅಷ್ಟೇನೂ ತೊಂದರೆಯಾಗುವುದಿಲ್ಲ.

ಅಪ್ಪ


ಅಕ್ಟೋಬರ್ 5

ಅಪ್ಪ,

ತೊಂದರೆಯಾಯಿತು.

ನೂರ ಇಪ್ಪತ್ತೊಂಬತ್ತು ಹೀಗೆ ಶುರುವಾಗುತ್ತದೆ: "'ನೀನು ಯಾರ ಪೈಕಿ?' ಎಂದು ಆ ಹೆಂಗಸು ಕೇಳಿದಳು." ಆ ಹೆಂಗಸು ಅಂದರೆ ಅಮ್ಮ! ಹುಡುಗಿ ಆರು ಲೋಕ ಇಳಿದು ಬಂದಿದ್ದಾಳೆ, ಹೆಸರು ಕಳೆದುಕೊಂಡಿದ್ದಾಳೆ, ಮನೆ ಅನ್ನುವ ಪದ ಕೂಡ ಇಲ್ಲ, ಈ ಅಮ್ಮ ನೋಡಿದರೆ ಯಾರೋ ದಾರಿಯಲ್ಲಿ ಸಿಕ್ಕವಳ ಹಾಗೆ ಮಾತಾಡಿಸುತ್ತಾಳೆ. ಹತ್ತುವ ದಾರಿಯುದ್ದಕ್ಕೂ ಹಿಂದೆ ಹಿಂದೆ ಬರುತ್ತಾಳೆ, ಒಂದು ಸಲವೂ ಮಗಳೇ ಅನ್ನುವುದಿಲ್ಲ. ಹುಡುಗಿ ಅಮ್ಮಾ ಅಮ್ಮಾ ಅಂತ ಕರೆಯುತ್ತಾಳೆ. ಈಕೆ ಸುತ್ತ ನೋಡಿ "ಯಾರನ್ನ ಕರೀತಿದ್ದೀಯ?" ಅನ್ನುತ್ತಾಳೆ.

ಪುಸ್ತಕ ಮುಗಿಸಿದೆ. ಮುಗಿಸಿ ಮಂಚದ ಕೆಳಗೆ ಎಸೆದೆ. ಕ್ಲಾಸಿನಲ್ಲಿ ಅಭಿಪ್ರಾಯ ಓದಬೇಕಿತ್ತು. "ಆ ಹೆಂಗಸು ಕೆಟ್ಟವಳು. ಮಗಳು ಬಂದದ್ದೇ ತಪ್ಪಾಯಿತು. ಬೇಡವಾಗಿದ್ದರೆ ಬೇಡ ಅಂತ ಮೊದಲೇ ಹೇಳಬೇಕಿತ್ತು" ಅಂತ ಬರೆದೆ. ಟೀಚರ್ "ನಿನ್ನ ಪುಸ್ತಕದಲ್ಲಿ ಏನೋ ಕಡಿಮೆ ಇದೆ" ಅಂದರು. ಅವರು ಓದಿದ್ದಾರಂತೆ. ಹೇಳಿ ಅಂದರೆ, "ನಿನ್ನ ತಂದೆ ಕಳಿಸ್ತಾರಲ್ಲ, ಕಾಯ್ತಿರು" ಅಂದರು.

ಡಿಸೆಂಬರಿನಲ್ಲಿ ನೀನು ಯಾವುದೋ ಕಾಗದ ಹಿಡಿದುಕೊಂಡು ಇಲ್ಲಿಗೆ ಬರುತ್ತೀಯಂತೆ. ದೊಡ್ಡಮ್ಮ ಹೇಳಿ, ಹೇಳಬಾರದಿತ್ತು ಅನ್ನುವ ಹಾಗೆ ಒಳಗೆ ಹೋದರು. ಏನು ಕಾಗದ?

ಸೂಜಿ


ನವೆಂಬರ್ 16

ಅಪ್ಪ,

ನೀನು ಬರೆದು ಹೆಚ್ಚುಕಡಿಮೆ ಮೂರು ತಿಂಗಳಾಯಿತು. ಫೋನಿನಲ್ಲಿ ಊಟ ಆಯಿತಾ, ಕೆಮ್ಮು ಹೋಯಿತಾ, ಅಷ್ಟೇ. ಎಂಟನೆಯ ಫಾರಂ ಅಂದರೆ "ಹುಡುಕ್ತಿದ್ದೀನಿ ಕಣೇ" ಅನ್ನುತ್ತೀಯ.

ಇವತ್ತು ಬೆಳಿಗ್ಗೆ ಪುಸ್ತಕವನ್ನು ಮಂಚದ ಕೆಳಗಿಂದ ತೆಗೆದು, ಬೆನ್ನಿನ ಬಟ್ಟೆಯನ್ನು ನಿಧಾನಕ್ಕೆ ಬಿಡಿಸಿದೆ. ಪ್ರತಿ ಫಾರಂನ ಬೆನ್ನಿಗೂ ಕಪ್ಪು ಗುರುತು ಇರುತ್ತದಲ್ಲ, ಎಲ್ಲ ಜೋಡಿಸಿದಾಗ ಮೆಟ್ಟಿಲಿನ ಹಾಗೆ ಇಳಿಯುತ್ತದಲ್ಲ? ಚಿಕ್ಕವಳಿದ್ದಾಗ ನನ್ನನ್ನು ಮೇಜಿನ ಮೇಲೆ ಕೂರಿಸಿ "ಮೆಟ್ಟಿಲು ಸರಿ ಇದೆಯಾ ನೋಡು" ಅನ್ನುತ್ತಿದ್ದೆ. ಆಗ ನನಗೆ ಓದಲು ಬರುತ್ತಿರಲಿಲ್ಲ. ಆದರೂ ಒಂದು ಮೆಟ್ಟಿಲು ತಪ್ಪಿದರೆ ಹಿಡಿಯುತ್ತಿದ್ದೆ.

ಇಲ್ಲಿ ಏಳನೆಯ ಮೆಟ್ಟಿಲು ಎರಡು ಸಲ ಇದೆ. ಎಂಟು ಇಲ್ಲ. ಆದರೆ ನಾನು ಅದನ್ನು ನೋಡುತ್ತಾ ಕೂರಲಿಲ್ಲ. ದಾರ ನೋಡಿದೆ. ನಿಮ್ಮ ಪ್ರೆಸ್ಸಿನ ಹೊಸ ಪುಸ್ತಕಗಳೆಲ್ಲ ಮಷೀನ್ ಹೊಲಿಗೆ. ಇದು ಮೇಣ ಹಚ್ಚಿದ ದಾರ. ಕೊನೆಯಲ್ಲಿ ಎರಡು ಸುತ್ತು ಸುತ್ತಿ ಬಾಲವನ್ನು ಒಳಗೆ ಸೇರಿಸಿದ ಗಂಟು.

ಬೇರೆ ಯಾರಾದರೂ ಹೊಲಿದಿದ್ದರೆ ತಪ್ಪು ಅಂತ ನಂಬುತ್ತಿದ್ದೆ. ಇದನ್ನು ನೀನು ಬಿಚ್ಚಿ ಹೊಲಿದಿದ್ದೀಯ. ನಿನ್ನ ಕೈಯಲ್ಲಿ ಮೆಟ್ಟಿಲು ತಪ್ಪುವುದಿಲ್ಲ.

ಯಾಕೆ?

(ಇವತ್ತಿಗೆ ನಿನ್ನ ಸೂಜಿ ಅಂತ ಬರೆಯುವುದಿಲ್ಲ.)


ಡಿಸೆಂಬರ್ 8

ಮಗಳೇ,

ಗಂಟು ನನ್ನದೇ.

ನಿನಗೆ ಕಳಿಸುವ ಮುನ್ನ ಪುಸ್ತಕದಲ್ಲಿ ಏನಿದೆ ನೋಡೋಣ ಎಂದು ಕೆಲಸದ ಮೇಜಿನ ಹತ್ತಿರ ನಿಂತುಕೊಂಡೇ ಓದಲು ಶುರುಮಾಡಿದೆ. ನಾಲ್ಕನೆಯ ಬಾಗಿಲಿನ ಹತ್ತಿರ ಇದ್ದಾಗ ನಿನ್ನ ದೊಡ್ಡಮ್ಮನ ಪತ್ರ ಬಂತು. ನಿನ್ನ ಶಾಲೆಯಲ್ಲಿ ಬರುವ ವರ್ಷದಿಂದ ಅಲ್ಲಿ ಕಲಿಸುವವರ ಸ್ವಂತ ಮಕ್ಕಳಿಗೆ ಮಾತ್ರ ಜಾಗವಂತೆ. ಅದಕ್ಕಾಗಿ ನಿನ್ನನ್ನು ಅವರು ಮಗಳಾಗಿ ತೆಗೆದುಕೊಳ್ಳುತ್ತಾರೆ, ನಾನು ಸಹಿ ಹಾಕಬೇಕು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಒಳ್ಳೆಯ ಶಾಲೆ. ಅಲ್ಲಿ ನಿನಗೆ ಸ್ವಂತ ಕೋಣೆ ಇದೆ. ಇಲ್ಲಿ ಪ್ರೆಸ್ಸಿನ ಮೇಲೆ ಒಂದೇ ಕೋಣೆ, ಮಷೀನು ಶುರುವಾದರೆ ಲೋಟ ತಾನಾಗಿ ನಡೆಯುತ್ತದೆ. ಸಹಿ ಹಾಕುವುದು ಎಂದು ಅಂದೇ ತೀರ್ಮಾನ ಮಾಡಿದೆ. ನಿನಗೆ ಹೇಳುವುದು ಹೇಗೆ ಎಂಬುದನ್ನು ಮಾತ್ರ ನಾಳೆಗೆ ಇಟ್ಟೆ.

ಮರುದಿನ ಆರನೆಯ ಬಾಗಿಲು ಓದಿದೆ.

ಅಲ್ಲಿ ಏನಾಗುತ್ತದೆ ಎಂದರೆ, ಹೊರಗೆ ಬಿಡಲು ಕಾವಲುಗಾರ ಒಂದು ಪದ ಕೇಳುತ್ತಾನೆ. ಹುಡುಗಿಯ ಹತ್ತಿರ ಕೊಡಲು ಉಳಿದಿರುವುದು "ಅಮ್ಮ" ಒಂದೇ. ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ತಾಯಿ ಅಡ್ಡ ಬಂದು ತನ್ನ ಪದ ಕೊಟ್ಟುಬಿಡುತ್ತಾಳೆ. ಆಕೆ ಕೊಟ್ಟದ್ದು "ಮಗಳು".

ನಾಳೆ ನಾನು ಸಹಿ ಹಾಕಿದ ಮೇಲೆ ನೀನು ಈ ಪುಟಗಳನ್ನು ಓದಿ, ಅಪ್ಪನೂ ಹಾಗೆ ಕೊಟ್ಟುಬಿಟ್ಟ ಎಂದುಕೊಳ್ಳುತ್ತೀಯ ಎಂದು ಹೆದರಿದೆ. ಅದು ಬರೀ ಶಾಲೆಯ ಸೀಟಿನ ವಿಷಯ ಎಂಬಂತೆ ಮುಗಿದುಹೋಗಲಿ ಎಂಬ ಆಸೆಯಿತ್ತು. ಆದ್ದರಿಂದ ಹೊಲಿಗೆ ಬಿಚ್ಚಿ ಎಂಟನೆಯದನ್ನು ತೆಗೆದೆ. ಜಾಗ ಖಾಲಿ ಬಿಟ್ಟರೆ ಬೆನ್ನು ಕುಸಿಯುತ್ತದೆ, ಏಳನೆಯದು ಇನ್ನೊಂದು ಸೇರಿಸಿದೆ. ಮಡಚುವವರ ತಪ್ಪಿನ ಹಾಗೆ ಕಾಣುತ್ತದೆ ಎಂದುಕೊಂಡೆ. ಗಂಟನ್ನು ಮರೆತೆ. ಕಲಿಸಿದವನೇ ನಾನು, ಮರೆತೆ.

ಅಕ್ಟೋಬರಿನ ನಿನ್ನ ಪತ್ರ ಬಂದಾಗ ಉತ್ತರ ಬರೆಯಲು ಕೂತೆ. ಆಗಲಿಲ್ಲ. "ಆ ಹೆಂಗಸು ಕೆಟ್ಟವಳು" ಎಂದು ನೀನು ಬರೆದಿದ್ದೆ. ಆಕೆ ಕೆಟ್ಟವಳಲ್ಲ. ಕೊಟ್ಟ ಪುಟವನ್ನು ತೆಗೆದುಹಾಕಿದರೆ, ಕೊಟ್ಟವಳು ತಳ್ಳಿಬಿಟ್ಟವಳ ಹಾಗೆ ಕಾಣುತ್ತಾಳೆ. ಆಕೆಯನ್ನು ಹಾಗೆ ಮಾಡಿದ್ದು ನನ್ನ ಚಾಕು. ನಾನು ಬಾಯಿ ಮುಚ್ಚಿಕೊಂಡು ಸಹಿ ಹಾಕಿದ್ದರೆ ನನ್ನನ್ನೂ ನೀನು ಹಾಗೆಯೇ ಓದುತ್ತಿದ್ದೆ.

ಇದರ ಜೊತೆ ಎಂಟನೆಯ ಫಾರಂ ಇದೆ. ಸೂಜಿ, ಮೇಣದ ದಾರ ಇವೆ. ಆ ಸರಕಾರಿ ಕಾಗದವೂ ಇದೆ, ಸಹಿ ಹಾಕಿಲ್ಲ. ಎರಡನ್ನೂ ಓದು. ನಿನ್ನನ್ನು ಕೇಳದೆ ಒಂದನ್ನು ತೆಗೆದೆ. ಇನ್ನೊಂದನ್ನು ಕೇಳದೆ ಸೇರಿಸುವುದಿಲ್ಲ.

ಹೊಲಿಯುವಾಗ ದಾರವನ್ನು ಎಳೆಯಬೇಡ. ಹಾಳೆ ಹರಿಯುತ್ತದೆ.

ಅಪ್ಪ


ಜನವರಿ 3

ಅಪ್ಪ,

ಮೂರು ದಿನ ನಿನ್ನ ಮೇಲೆ ಕೋಪ ಇತ್ತು. ನಾಲ್ಕನೆಯ ದಿನ ಓದಿದೆ.

ಓದಿದ ಮೇಲೆ ನೂರ ಇಪ್ಪತ್ತೊಂಬತ್ತರಿಂದ ಕೊನೆಯವರೆಗೆ ಮತ್ತೆ ಓದಬೇಕಾಯಿತು. ಅದೇ ಪುಟಗಳು, ಬೇರೆ ಪುಸ್ತಕ. ಆ ಅಮ್ಮ ಹತ್ತುವಾಗ ಹಿಂದೆ ಯಾಕೆ ಬರುತ್ತಾಳೆ ಗೊತ್ತಾ? ಹುಡುಗಿ ಜಾರಿದರೆ ಹಿಡಿಯಲು. ಇವಳು ಯಾರು ಅಂತ ಗೊತ್ತಿಲ್ಲ, ಆದರೂ ಹಿಡಿಯುತ್ತಾಳೆ. ಕೊನೆಯಲ್ಲಿ ಹಣ್ಣು ಹೋಳು ಮಾಡಿ ದೊಡ್ಡ ಹೋಳು ಇವಳಿಗೆ ಕೊಟ್ಟು, ಯಾಕೆ ಕೊಟ್ಟೆ ಅಂತ ತಾನೇ ಯೋಚಿಸುತ್ತಾಳೆ. ಮೊದಲ ಸಲ ಅದು ನನಗೆ ಕಾಣಿಸಿಯೇ ಇರಲಿಲ್ಲ.

ಹೊಲಿದೆ. ಎರಡು ಸಲ ಬೆರಳಿಗೆ ಚುಚ್ಚಿತು. ನೂರ ಇಪ್ಪತ್ತನೆಯ ಪುಟದಲ್ಲಿ ಸ್ವಲ್ಪ ರಕ್ತ ಇದೆ. ಹೆಚ್ಚುವರಿ ಏಳನೆಯದನ್ನು ಎಸೆಯದೆ ಇಟ್ಟುಕೊಂಡಿದ್ದೇನೆ. ಮೆಟ್ಟಿಲು ಈಗ ಸರಿ ಇದೆ. ಗಂಟು ಮಾತ್ರ ನಿನ್ನದಕ್ಕಿಂತ ದಪ್ಪ.

ಇನ್ನು ಆ ಕಾಗದ. ಅದು ಕಾದಂಬರಿಗಿಂತ ಕಷ್ಟ ಅಪ್ಪ! ಒಂದೇ ಪುಟದಲ್ಲಿ ಗೊತ್ತಿಲ್ಲದ ಹತ್ತು ಪದ. ಈ ವಾರದ ಪಟ್ಟಿಗೆ ಅವನ್ನೇ ತೆಗೆದುಕೊಂಡೆ. ಅಡಿಗೆರೆ ಹಾಕಿ, ಅಂಚಿನಲ್ಲಿ ನೀಲಿ ಪೆನ್ನಿನಿಂದ ನನ್ನ ಉದಾಹರಣೆ ಬರೆದೆ. ನನ್ನ ಕಸುಬು ಮಗಳು, ಅದರಿಂದಲೇ ಕೊಟ್ಟಿದ್ದೇನೆ.

ಉಭಯತ್ರರು: ಎದುರೆದುರು ಕೂತು ಮಾತಾಡುವ ಬದಲು ಕಾಗದ ಬರೆದುಕೊಳ್ಳುವ ಇಬ್ಬರು ದೊಡ್ಡವರು.

ಸ್ವ‑ಇಚ್ಛೆ: ಇದನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಇದೆ.

ತಕರಾರು: ಇದೂ ಇದೆ.

ಪೋಷಕರು: ನನಗೆ ಮೂವರು. ಕಾಗದದಲ್ಲಿ ಇಬ್ಬರಿಗೆ ಮಾತ್ರ ಜಾಗ ಇದೆ, ಆದ್ದರಿಂದ ಕಾಗದವೇ ಚಿಕ್ಕದು.

ಹೀಗೆ ಒಂಬತ್ತು. ಹತ್ತನೆಯದು "ಹಕ್ಕು ಪರಿತ್ಯಾಗ" ಅಂತ ಇದೆ. ಪರಿತ್ಯಾಗಕ್ಕೆ ಆಗಸ್ಟಿನಿಂದ ನೀನೇ ಉದಾಹರಣೆ ಕಳಿಸಿಲ್ಲ. ಖಾಲಿ ಬಿಟ್ಟಿದ್ದೇನೆ.

ಬರೆದದ್ದನ್ನು ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದಿನ್ನು ಯಾವ ಕಚೇರಿಗೂ ನಡೆಯಲ್ಲ ಮರಿ" ಅಂದರು. ಆಮೇಲೆ ಕೆಂಪು ಪೆನ್ನು ತೆಗೆದು ಮೇಲೆ "10ಕ್ಕೆ 9" ಹಾಕಿದರು. ದೊಡ್ಡಮ್ಮ ಅಡುಗೆಮನೆಯಿಂದ ಬಂದು, "ಏನ್ರೀ ಅದು, ಕೊಡಿ ಇಲ್ಲಿ" ಅಂತ ಕಿತ್ತುಕೊಂಡು ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ನಿಂತೆ. "ಪೋಷಕರು ಮೂವರಾ?" ಅಂದರು. ಹೂಂ ಅಂದೆ. "ತರಕಾರಿ ಹೆಚ್ಚು ಬಾ" ಅಂದರು.

ನಾನು ಅಲ್ಲಿಗೆ ಬರುತ್ತೇನೆ ಅಪ್ಪ. ಲೋಟ ನಡೆದರೆ ನಡೆಯಲಿ.

ಸೂಜಿ


ಜನವರಿ 19

ತಂಗಿಯ ಮನೆಯವರಿಗೆ,

ಇನ್ನೊಂದು ಕಾಗದ ತರಿಸಲಿಲ್ಲ. ಮೊದಲನೆಯದು ನನ್ನ ಬೀರುವಿನಲ್ಲಿದೆ. ಅದನ್ನು ಮಾತ್ರ ಕೇಳಬೇಡಿ.

ಅವಳನ್ನು ಬೆಳಿಗ್ಗೆ ಎರಡು ಸಲ ಎಬ್ಬಿಸಬೇಕು. ಮೊದಲನೆಯದು ಅವಳಿಗೆ ಕೇಳಿಸುವುದಿಲ್ಲ, ಆದರೆ ಅದಿಲ್ಲದೆ ಎರಡನೆಯದೂ ಕೇಳಿಸುವುದಿಲ್ಲ. ಹಾಲಿನ ಕೆನೆ ತೆಗೆಯಬೇಕು. ಕೂದಲಿಗೆ ಎಣ್ಣೆ ಹಚ್ಚುವಾಗ ಏನಾದರೂ ಕೇಳಿ, ಆಗ ಮಾತ್ರ ನಿಜ ಹೇಳುತ್ತಾಳೆ.

ರಜೆಗಳು ನನಗೆ. ಇದಕ್ಕೆ ಕಾಗದ ಬೇಡ.

ಅವಳ ದೊಡ್ಡಮ್ಮ


ಮಾರ್ಚ್ 12

ಸೂಜಿ,

ಎರಡು ಬೀದಿ ಆಚೆಯ ಶಾಲೆಗೆ ಹೋಗಿ ಬಂದೆ. ನಿನ್ನ ಈಗಿನ ಶಾಲೆಯಷ್ಟು ದೊಡ್ಡದಲ್ಲ. ಲೈಬ್ರರಿ ಎಂದರೆ ಒಂದು ಕಪಾಟು, ಅದರಲ್ಲಿ ಅರ್ಧ ಪುಸ್ತಕಗಳ ಬೆನ್ನು ಕಿತ್ತಿವೆ. ಹೆಡ್‌ಮಿಸ್ "ನಿಮ್ಮ ಕೆಲಸ ಏನು?" ಎಂದರು. ಹೇಳಿದೆ. ಕಪಾಟಿನ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದರು. ಮೊದಲ ಕಂತಾಗಿ ಹದಿನೇಳು ಪುಸ್ತಕ ಹೊತ್ತು ತಂದಿದ್ದೇನೆ. ನಿನಗೂ ಸೂಜಿ ಇದೆಯಲ್ಲ.

ಕೋಣೆಯಲ್ಲಿ ಬೀರುವನ್ನು ಅಡ್ಡ ಇಟ್ಟು ನಿನಗೊಂದು ಮೂಲೆ ಮಾಡಿದ್ದೇನೆ. ಕಿಟಕಿ ನಿನ್ನ ಪಾಲಿಗೆ ಬಂದಿದೆ. ಕರಡು ತಿದ್ದುವ ಅಕ್ಕ ತನ್ನ ಹಳೆಯ ಮೇಜಿನ ದೀಪ ಕೊಟ್ಟಳು. "ಹುಡುಗಿಗೆ ಹೇಳು, ನಂಗೂ ಗೊತ್ತಿಲ್ಲದ ಪದ ಇದ್ದಾವೆ ಅಂತ" ಎಂದಳು.

ನೀನು ಖಾಲಿ ಬಿಟ್ಟ ಜಾಗಕ್ಕೆ ಇದನ್ನು ಬರೆದುಕೋ. ಅಕ್ಕನನ್ನು ಕೇಳಲಿಲ್ಲ.

ಪರಿತ್ಯಾಗ: ಗೊತ್ತಿದ್ದೂ ಒಂದು ಫಾರಂ ತೆಗೆದಿಟ್ಟು ಪುಸ್ತಕವನ್ನು ಪೂರ್ತಿಯಾಗಿದೆ ಎನ್ನುವಂತೆ ಹೊಲಿಯುವುದು. ನನ್ನ ಕಸುಬಿನಲ್ಲಿ ಒಮ್ಮೆ ಮಾಡಿದ್ದೇನೆ.

ಬಸ್ಸಿನ ಹತ್ತಿರ ಬರುತ್ತೇನೆ. ಒಂದು ವೇಳೆ ನೀನೇ ಮೊದಲು ಮನೆಗೆ ಬಂದರೆ, ಪ್ರೆಸ್ಸಿನ ಪಕ್ಕದ ಬಾಗಿಲಿನಿಂದ ಮೇಲಕ್ಕೆ ಇಪ್ಪತ್ತೆರಡು ಮೆಟ್ಟಿಲು. ಎಲ್ಲ ಇವೆ, ನಿನ್ನೆ ಎಣಿಸಿದೆ. ಒಂಬತ್ತನೆಯದು ಅಲುಗಾಡುತ್ತದೆ. ಅದರ ಮೇಲೆ ಪೆಟ್ಟಿಗೆ ಇಡಬೇಡ, ಕೈಯಲ್ಲೇ ಹಿಡಿದುಕೊಂಡು ಎಂಟನೆಯದರ ಮೇಲೆ ನಿಂತಿರು. ನಾನು ಹಿಂದಿನಿಂದ ಬರುತ್ತಿರುತ್ತೇನೆ.

ಅಪ್ಪ